ಬಿಟ್ಟಿ ಕೇಬಲ್ಲು

ಕೇಬಲ್ ಸ್ಟೇಷನ್
ಮಂಗಳವಾರ, ಬೆಳಗ್ಗೆ

ನನ್ನ ಮುದ್ದಿನ ಗುಬ್ಬಚ್ಚಿಗೆ,

ಫೋನುಗಳಿಂದಲೇ ಹೊಟ್ಟೆ ಹೊರೆಯುವ ಅಕ್ಕ ಕಾಗದ ಬರೆಯುತ್ತಿದ್ದಾಳೆ ಎಂದು ನಗಬೇಡ. ಕಡಲಡಿಯ ನಮ್ಮ ಕೇಬಲ್ಲನ್ನು ಯಾವುದೋ ಸರಕು ಹಡಗಿನ ಲಂಗರು ಕಿತ್ತುಹಾಕಿದ್ದು ನಿನಗೂ ತಿಳಿದಿರುತ್ತದೆ. ಇಡೀ ದೇಶಕ್ಕೆ ಇದ್ದದ್ದು ಅದೊಂದೇ. ಬಂದರಿನ ಉಪಗ್ರಹ ಫೋನು ಆಸ್ಪತ್ರೆಗೂ ಹಡಗುಗಳಿಗೂ ಮೀಸಲು.

ಕಾಲಿನ ಊತ ಇಳಿಯಿತೇ? ಮಗು ಈಗಲೂ ನೀನು ಮಲಗಿದ ಕೂಡಲೇ ಒದೆಯಲು ಶುರುಮಾಡುತ್ತದೆಯೇ? ಅಪ್ಪ ಚೆನ್ನಾಗಿದ್ದಾರೆ. ಫೋನು ಸತ್ತು ಬಿದ್ದಿದ್ದರೂ ಅದನ್ನು ಚಾರ್ಜಿಗೆ ಹಾಕುವುದು ಮಾತ್ರ ಬಿಟ್ಟಿಲ್ಲ. ಯಾಕಪ್ಪಾ ಅಂದರೆ, ಅವಳು ಕರೆದಾಗ ಬ್ಯಾಟರಿ ಇಲ್ಲ ಅನ್ನೋ ಹಾಗಾಗಬಾರದಲ್ಲ ಅನ್ನುತ್ತಾರೆ.

ನಿನಗೆ ಹೇಳಬೇಕಾದದ್ದು ಬೇರೆ ಇದೆ. ನೀನೀಗ ಇರುವ ದೇಶ ನಮಗೆ ಹೊಸ ಕೇಬಲ್ಲನ್ನೇ ಬಿಟ್ಟಿಯಾಗಿ ಹಾಕಿಕೊಡುತ್ತದಂತೆ. ಹಡಗು ಸಿದ್ಧವಾಗಿ ನಿಂತಿದೆ. ನಿನ್ನ ಹೆರಿಗೆಗೆ ಮುಂಚೆಯೇ ಎಲ್ಲ ಸರಿಹೋಗುತ್ತದೆ. ಷರತ್ತು ಏನೆಂದರೆ, ಬೇರೆ ಯಾರ ಕೇಬಲ್ಲನ್ನೂ ನಾವು ಎಂದೂ ನಮ್ಮ ದಡಕ್ಕೆ ಸೇರಿಸಬಾರದು. ನಮ್ಮ ಮಾತೆಲ್ಲ ಅವರ ಸ್ಟೇಷನ್ ಹಾದೇ ಹೋಗಬೇಕು. ಹಳೆಯದನ್ನು ಜೋಡಿಸುವ ಹಡಗೂ ಅವರದೇ, ಅದಕ್ಕೆ ಮಾತ್ರ ಪುರುಸೊತ್ತಿಲ್ಲವಂತೆ. ಒಪ್ಪದಿದ್ದರೆ ನೆರೆಯ ಪುಟ್ಟ ದೇಶಗಳ ಜೊತೆ ಸೇರಿ ನಾವೇ ಹಾಕಿಕೊಳ್ಳಬೇಕು. ಅದಕ್ಕೆ ವರ್ಷವಾದರೂ ಹಿಡಿಯುತ್ತದೆ.

ಮಂತ್ರಿಗಳು ಸ್ಟೇಷನ್ನಿನ ಮುಖ್ಯ ಎಂಜಿನಿಯರ್ ಆದ ನನ್ನ ಅಭಿಪ್ರಾಯ ಕೇಳಿದರು. ಬೇಡ ಎಂದು ಬರೆದುಕೊಟ್ಟೆ.

ನೀನು ಧ್ವನಿವರ್ಧಕ ಎಂದು ಹೆಸರಿಟ್ಟ ನಮ್ಮ ನಿರ್ದೇಶಕರು ಅದನ್ನು ಓದಿ ಕಾರಿಡಾರಿನ ಆ ತುದಿಯಿಂದಲೇ ಶುರುಮಾಡಿದರು: ಏನಮ್ಮಾ, ಪುಕ್ಕಟೆ ಕೊಡೋರ ಮುಖಕ್ಕೆ ಬಾಗಿಲು ಹಾಕ್ತೀಯಲ್ಲ, ನಾಳೆಯಿಂದ ಜನ ಪಾರಿವಾಳ ಹಾರಿಸಬೇಕಾ ಅಂತ. ಪಾರಿವಾಳಕ್ಕಾದರೆ ಯಾರ ಅಪ್ಪಣೆಯೂ ಬೇಡ ಸಾರ್ ಅಂದೆ. ಅಂದಮೇಲೆ ನನಗೇ ನಗು ಬಂತು. ಅವರು ನಗಲಿಲ್ಲ.

ಹೋದ ವರ್ಷದ ಮೀನಿನ ಜಗಳ ನೆನಪಿದೆಯಲ್ಲ? ನಮ್ಮ ದೋಣಿಗಳನ್ನು ನಿನ್ನ ಆ ದೇಶದವರು ಹಿಡಿದಿಟ್ಟುಕೊಂಡ ವಾರ ನಮ್ಮ ಲೈನು ಇದ್ದಕ್ಕಿದ್ದಂತೆ ಆಮೆಯಾಯಿತು. ಯಾರೂ ಏನನ್ನೂ ಕತ್ತರಿಸಲಿಲ್ಲ. ಅವರ ದಡದಲ್ಲಿರುವ ಕೇಬಲ್ಲಿನ ಆ ತುದಿಯಲ್ಲಿ ಯಾರೋ ಒಂಚೂರು ಬಿಗಿ ಮಾಡಿದರು, ಅಷ್ಟೆ. ಮಕ್ಕಳ ಡಾಕ್ಟರು ಒಂದು ಕೂಸಿನ ಎಕ್ಸ್‌ರೇ ಹೊರದೇಶದ ತಜ್ಞರಿಗೆ ಕಳಿಸಿ ಪರದೆ ನೋಡುತ್ತ ಕೂತಿದ್ದರು. ಬೇಗ ಕಳಿಸೋಕೆ ಆಗುತ್ತಾ ಅಂತ ನನ್ನನ್ನು ಕೇಳಿದರು. ನನ್ನ ಕಡೆಯ ಯಂತ್ರಗಳಲ್ಲಿ ಎಲ್ಲವೂ ಸರಿಯಿತ್ತು. ತಿರುಗಿಸಲು ಇನ್ನೊಂದು ದಾರಿಯೇ ಇರಲಿಲ್ಲ. ಕೂಸು ಉಳಿಯಿತು, ನಮ್ಮ ಪುಣ್ಯ. ಆದರೆ ಪುಣ್ಯವನ್ನು ನಂಬಿ ದೇಶ ನಡೆಸಲು ಆಗುತ್ತದೆಯೇ?

ಇದು ವಿವೇಕವೋ ಬರೀ ಹಟವೋ, ನನಗೇ ಪೂರ್ತಿ ತಿಳಿಯದು. ಅಮ್ಮ ಇಲ್ಲದ ನಿನಗೆ, ನೋವು ಬಂದಾಗ ನಾನು ಫೋನಿನಲ್ಲಿರುತ್ತೇನೆ, ಎಷ್ಟು ಹೊತ್ತಾದರೂ ಇಡುವುದಿಲ್ಲ ಎಂದು ಮಾತು ಕೊಟ್ಟವಳು ನಾನೇ. ನಾನೇ ಬಂದುಬಿಡೋಣವೆಂದರೆ ಈಗ ಸ್ಟೇಷನ್ ಬಿಡುವ ಹಾಗಿಲ್ಲ. ದೇಶದೇಶಗಳ ಬಲಾಬಲ ತೂಗುವಾಗ ತಂಗಿಯನ್ನು ಯಾವ ತಟ್ಟೆಯಲ್ಲಿಡಬೇಕು ಎಂದು ನನಗೆ ಯಾರೂ ಕಲಿಸಲಿಲ್ಲ.

ಅಪ್ಪನಿಗೆ ಹೇಳಿದೆ. ಫೋನನ್ನು ಚಾರ್ಜಿನಿಂದ ತೆಗೆದು, ಒರೆಸಿ, ಮತ್ತೆ ಚಾರ್ಜಿಗೆ ಹಾಕಿದರು. ಆಮೇಲೆ, ಮಗುವಿನ ಅಳು ರೆಕಾರ್ಡು ಮಾಡಿ ಹಡಗಿನಲ್ಲಿ ಕಳಿಸೋಕೆ ಹೇಳು, ಗಂಡೋ ಹೆಣ್ಣೋ ಅಂತ ಮಾತ್ರ ಬರೀಬಾರದು, ನಾನೇ ಕೇಳಿ ಹೇಳ್ತೀನಿ ಅಂದರು.

ನೋವು ಶುರುವಾದಾಗ ನಿನ್ನ ಗಂಡನ ಕೈ ಗಟ್ಟಿಯಾಗಿ ಹಿಡಿದುಕೋ. ನನ್ನನ್ನು ಬೇಕಾದಷ್ಟು ಬೈಯಿ. ನನಗೆ ಕೇಳಿಸದು ಎಂದು ಕಡಿಮೆ ಮಾಡಬೇಡ.

ನಿನ್ನವಳೇ ಆದ,
ಅಕ್ಕ

ತಾ.ಕ.: ಮೇಲೆ ‘ಬರೆದುಕೊಟ್ಟೆ’ ಎಂದಿದ್ದೇನಲ್ಲ, ಬರೆದದ್ದು ನಿಜ. ನಿರ್ದೇಶಕರಿಗೆ ತೋರಿಸಿದ್ದೂ ನಿಜ, ಮಂತ್ರಿಗಳಿಗೆ ಮಾತ್ರ ಇನ್ನೂ ಕೊಟ್ಟಿಲ್ಲ. ನನ್ನ ಚೀಲದಲ್ಲೇ ಇದೆ. ನಿನ್ನೆ ಅವರ ಬಾಗಿಲವರೆಗೆ ಹೋಗಿ, ನಿನ್ನ ಮುಖ ಕಣ್ಣಿಗೆ ಕಟ್ಟಿ ವಾಪಸು ಬಂದೆ. ಆದ್ದರಿಂದ ಮೊದಲು ಈ ಕಾಗದವನ್ನು ಹಡಗಿಗೆ ಹಾಕುತ್ತೇನೆ. ನಿನಗೇ ಹೇಳಿಬಿಟ್ಟ ಮೇಲೆ ಅವರಿಗೆ ಹೇಳುವುದು ಅಷ್ಟೇನೂ ಕಷ್ಟವಾಗಲಾರದು.