ಕಿಂಡಿಯ ಆಚೆಯ ಬಂಡೆ

ಕೋಟೆ ದುರಸ್ತಿಯ ಶೆಡ್ಡಿನಿಂದ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಮಲಗುವಾಗ ಕಂಬಳಿಯನ್ನು ಮಡಚಿ ಸೊಂಟದ ಕೆಳಗೆ ಇಟ್ಟುಕೋ. ಹೊಟ್ಟೆ ತುಂಬ ಊಟ ಮಾಡು, ಅಲ್ಲಿ ಯಾರ ಜೊತೆಗೂ ಮಾತಿಗೆ ಮಾತು ಬೆಳೆಸಬೇಡ. ನಿನ್ನ ಕೈ ಸೇರುವ ಮೊದಲು ಈ ಕಾಗದ ಓದುವ ಜೈಲಿನ ಸಾಹೇಬರಿಗೂ ನನ್ನ ನಮಸ್ಕಾರ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಪಾಪ, ಅವರು ನನ್ನನ್ನು ಬೈದುಕೊಳ್ಳದಿರಲಿ. ನಾನು ಚೆನ್ನಾಗಿದ್ದೇನೆ. ಅಮ್ಮನೂ ಇದ್ದಾಳೆ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೋಟೆಯ ಗಾರೆ ಕೆಲಸಕ್ಕೆ ಈಗ ನಿನ್ನ ಅಕ್ಕನೇ ಮೇಸ್ತ್ರಿ. ನಗಬೇಡ. ಹಳೆಯ ಗೋಡೆಗೆ ಸಿಮೆಂಟು ಒಗ್ಗುವುದಿಲ್ಲವೆಂದು ಸುಣ್ಣ ನೆನೆಸಿ, ಮರಳು ಸೇರಿಸಿ, ಅರೆದು ಅರೆದು ನನ್ನ ಅಂಗೈ ಒರಟು ಕಲ್ಲಿನ ಹಾಗಾಗಿದೆ. ಚಿಕ್ಕಂದಿನಲ್ಲಿ ನಾವು ಕಣ್ಣಾಮುಚ್ಚಾಲೆ ಆಡುತ್ತಿದ್ದ ಜಾಗ. ಯಾರು ಕಟ್ಟಿದರು, ಏಕೆ ಕಟ್ಟಿದರು ಎಂದು ಕೇಳಿದವರೇ ಅಲ್ಲ. ಪುರಾತತ್ವ ಇಲಾಖೆಯ ಮೇಡಂ ಊಟದ ಹೊತ್ತಿಗೆ ನಮ್ಮ ಜೊತೆ ಕುಳಿತು ಎಲ್ಲ ಹೇಳುತ್ತಾರೆ. ಮೊದಲು ಬಂದವರು ವ್ಯಾಪಾರಕ್ಕೆಂದು ಹಡಗಿನಲ್ಲಿ ಬಂದರಂತೆ. ಸರಕಿಡಲು ಒಂದು ಉಗ್ರಾಣ ಕಟ್ಟಿಕೊಂಡರು. ಉಗ್ರಾಣಕ್ಕೆ ಕಾವಲು ಬೇಕೆಂದು ಗೋಡೆ ಎಬ್ಬಿಸಿದರು, ಗೋಡೆ ಎದ್ದ ಮೇಲೆ ಫಿರಂಗಿ ಬಂತು, ಫಿರಂಗಿ ಬಂದ ಮೇಲೆ ಊರು ಯಾರದೆಂದು ಕೇಳುವವರೇ ಇಲ್ಲವಾದರು. ಕಲ್ಲು ಹೊತ್ತವರು ನಮ್ಮಂಥವರೇ. ಮುಂದೆ ಇನ್ನೊಂದು ದೇಶದ ಹಡಗುಗಳು ಬಂದು ಸಮುದ್ರದ ಕಡೆಯ ಬುರುಜನ್ನು ಗುಂಡು ಹೊಡೆದು ಸೀಳಿದವು. ಬಾವುಟ ಬದಲಾಯಿತು. ಹೊಸಬರಿಗೆ ಸರಕಿಗಿಂತ ಎದುರು ಮಾತಾಡುವವರ ಕಾಟ ಹೆಚ್ಚಾಗಿತ್ತೇನೋ, ಉಗ್ರಾಣವನ್ನೇ ಸೆರೆಮನೆ ಮಾಡಿದರು. ಅವರೂ ಹೋದ ಮೇಲೆ ಛಾವಣಿ ಕುಸಿಯಿತು, ಊರಿನವರು ಕಲ್ಲು ಕಿತ್ತು ಮನೆಮನೆಗೆ ಸಾಗಿಸಿದರು. ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲೂ ಅಲ್ಲಿಯದೇ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಿದೆಯೇ? ಒಂದು ಸಾಮ್ರಾಜ್ಯದ ಬೆನ್ನಿಗೆ ಇಷ್ಟು ವರ್ಷ ಸೋಪು ಹಚ್ಚಿ ತಿಕ್ಕಿದ್ದೇವೆ ನೋಡು.

ಆ ಸೆರೆಮನೆಯ ಕೋಣೆಗಳಲ್ಲಿ ಒಂದು ಮಾತ್ರ ಪೂರ್ತಿ ಉಳಿದಿದೆ. ಮಣ್ಣು ತೆಗೆದು ಒಳಗೆ ಹೋದರೆ ಸಮುದ್ರದ ಕಡೆಗೆ ಒಂದು ಕಿಂಡಿ, ತೋಳು ತೂರುವಷ್ಟು ಅಗಲ. ಅದರ ಎದುರಿಗೆ, ನೀರಿನ ನಡುವೆ, ಒಂದು ಚಪ್ಪಟೆ ಬಂಡೆ. ಒಳಗಿದ್ದವರನ್ನು ನೋಡಲು ಮನೆಯವರಿಗೆ ಅಪ್ಪಣೆ ಇರಲಿಲ್ಲವಂತೆ. ಸಮುದ್ರ ಇಳಿದಾಗ ಹೆಂಗಸರು ಆ ಬಂಡೆಯ ಮೇಲೆ ಬಂದು ನಿಲ್ಲುತ್ತಿದ್ದರು, ಒಳಗಿನವರು ಕಿಂಡಿಯಿಂದ ಕೈ ಹೊರಗೆ ಚಾಚುತ್ತಿದ್ದರು. ಮುಖ ಕಾಣುವುದಿಲ್ಲ, ಮಾತು ಕೇಳುವುದಿಲ್ಲ. ಕೈ ನೋಡಿಯೇ ಇವನು ನನ್ನವನೆಂದು ಗುರುತು ಹಿಡಿಯಬೇಕು. ನೀರು ಏರತೊಡಗಿದರೆ ಹೊರಡಬೇಕು. ಮೇಡಂ ಇದನ್ನು ಹೇಳಿದ ದಿನ ನನಗೆ ಅನ್ನ ಸೇರಲಿಲ್ಲ.

ಕಳೆದ ವಾರ ಕೆಲಸದವರ ಮನೆಯವರಿಗೂ ನೆರೆಹೊರೆಯವರಿಗೂ ಕೋಟೆ ತೋರಿಸಿದರು. ಅಮ್ಮನನ್ನು ಎಳೆದುಕೊಂಡೇ ಬಂದೆ. ನಮ್ಮ ಬೀದಿಯ ಹೆಂಗಸರ ಜೊತೆ ಪಕ್ಕದ ಮನೆಯ ದೊಡ್ಡಮ್ಮನೂ ಬಂದಿದ್ದಳು. ಬಂದರಿನಲ್ಲಿ ಆ ದಿನ ನೀನು ಕುಡಿದು ತಳ್ಳಿದೆ, ಅವಳ ಮಗ ಕಟ್ಟೆಯಿಂದ ಕೆಳಗೆ ಬಿದ್ದು ಸತ್ತ. ನಿನಗೆ ಇದನ್ನು ನೆನಪಿಸಬೇಕಾಗಿಲ್ಲ, ಆದರೆ ಬರೆಯದೆ ಮುಂದಕ್ಕೆ ಹೋಗಲು ನನ್ನಿಂದ ಆಗುತ್ತಿಲ್ಲ. ಅಂದಿನಿಂದ ಇಬ್ಬರು ತಾಯಂದಿರೂ ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತಾರೆ, ಒಂದು ಮಾತಿಲ್ಲ. ಅಮ್ಮ ನಿನ್ನನ್ನು ನೋಡಲು ಬಾರದಿರುವುದು ಕೋಪದಿಂದ ಎಂದು ನೀನು ತಿಳಿದಿದ್ದೀಯ. ಒಮ್ಮೆ ನಾನು ಒತ್ತಾಯ ಮಾಡಿದಾಗ ಅವಳು ಅಂದದ್ದು ಇಷ್ಟೇ: “ಅವಳಿಗೆ ಹೋಗಿ ನೋಡೋಕೆ ಮಗನೇ ಇಲ್ಲ. ನಾನು ಯಾವ ಮುಖ ಇಟ್ಕೊಂಡು ಬಸ್ಸು ಹತ್ತಲಿ?”

ಆ ಕೋಣೆಯೊಳಗೆ ಅಮ್ಮ ತುಂಬ ಹೊತ್ತು ನಿಂತಳು. ಗೋಡೆ ಮುಟ್ಟಿದಳು. ಆಮೇಲೆ ಬಳೆ ಮೇಲಕ್ಕೆ ಸರಿಸಿ ಕಿಂಡಿಯಲ್ಲಿ ಕೈ ತೂರಿಸಿದಳು. ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು. ಅಲ್ಲಿಂದಲೇ ಕೇಳಿದಳು: “ಅವನಿರೋ ಕೋಣೇಲಿ ಕಿಟಕಿ ಇದ್ಯಾ?”

ಯಾರನ್ನು ಕೇಳಿದಳೆಂದು ಯಾರೂ ಅನುಮಾನ ಪಡಲಿಲ್ಲ. ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡು, “ಗೊತ್ತಿಲ್ಲ ಕಣಕ್ಕಾ, ನಾನು ಹೋಗೇ ಇಲ್ಲ” ಎಂದಳು. ದೊಡ್ಡಮ್ಮ ಬಾಗಿಲ ಕಲ್ಲು ಹಿಡಿದುಕೊಂಡಳು. “ಹೆತ್ತವಳು ನೀನು, ನಿಂಗೆ ಗೊತ್ತಿರಬೇಡ್ವಾ? ಹೋಗಿ ನೋಡ್ಕೊಂಡು ಬಾ. ನನ್ನ ಹೊಟ್ಟೆ ತಣ್ಣಗಾಗಿದೆ ಅಂದ್ಕೋಬೇಡ, ಅದು ಆಗಲ್ಲ. ಆದ್ರೆ ನನ್ನ ನೆಪ ಹೇಳ್ಕೊಂಡು ನೀನು ಮನೇಲಿ ಕೂರಬೇಡ.”

ವಾಪಸು ಬರುವಾಗ ಇಬ್ಬರೂ ಜೊತೆಯಾಗಿ ನಡೆಯಲಿಲ್ಲ. ದೊಡ್ಡಮ್ಮ ಮುಂದೆ, ಅಮ್ಮ ಹಿಂದೆ. ಬುರುಜಿನ ಮೆಟ್ಟಿಲ ಕೆಳಗೆ ದೊಡ್ಡಮ್ಮ ನಿಂತಳು. ಅಮ್ಮನ ಮಂಡಿನೋವು ಅವಳಿಗೆ ಗೊತ್ತು. ಕೈ ಕೊಡಲಿಲ್ಲ, ಆದರೆ ಅಮ್ಮ ಇಳಿದು ಮುಗಿಸುವವರೆಗೂ ಅಲ್ಲಿಂದ ಕದಲಲಿಲ್ಲ. ನಾನು ಹಿಂದೆ ಬರುತ್ತ, ಸೆರಗಿನಿಂದ ಮುಖ ಒರೆಸಿಕೊಂಡೆ. ಕೇಳಿದವರಿಗೆ ಸುಣ್ಣದ ಧೂಳೆಂದೆ.

ಸೀಳಿದ ಬುರುಜಿನ ಕೆಲಸ ಇನ್ನೂ ಬಾಕಿ ಇದೆ, ಕರೆಯುತ್ತಿದ್ದಾರೆ. ಮೈ ನೋಡಿಕೋ. ನೀನು ಮಾಡಿದ್ದನ್ನು ಹೊತ್ತುಕೊಂಡೇ ನೆಟ್ಟಗೆ ನಿಲ್ಲುವ ಶಕ್ತಿ ನಿನಗೆ ಬರಲಿ ಎಂದು ಹರಸುವ,

ನಿನ್ನ ಅಕ್ಕ

ಮರೆತೆ ನೋಡು, ಬರೆಯಬೇಕೆಂದು ಕುಳಿತದ್ದೇ ಇದನ್ನು: ಬರುವ ಭೇಟಿಯ ದಿನ ಅಮ್ಮ ಬರುತ್ತಾಳೆ. ಸೊರಗಿದ್ದಾಳೆ, ನೋಡಿ ಗಾಬರಿಯಾಗಬೇಡ. ಗಡ್ಡ ಬೋಳಿಸಿಕೊಂಡಿರು. ಅವಳು ಬೈದರೆ ಬೈಸಿಕೋ. ಮಾತೇ ಹೊರಡದೆ ಸುಮ್ಮನೆ ಕುಳಿತುಬಿಟ್ಟರೆ ನೀನೂ ಎದುರಿಗೆ ಕುಳಿತಿರು. ಹೊತ್ತು ಮುಗಿಯಿತೆಂದು ಅವರು ಕರೆಯುವವರೆಗೆ ಏಳಬೇಡ.