ಈ ಸಲದ ಕೆಮ್ಮು ನಿಜ ಕಣೇ

ಲೇ ಇವಳೇ,

ಬೆಳಿಗ್ಗೆ ನಾನು ಕೆಮ್ಮಿದ ರಭಸಕ್ಕೆ ಬೀದಿ ನಾಯಿಗಳೆಲ್ಲ ಊರು ಬಿಟ್ಟವು, ನೀನು ಮಾತ್ರ ಏಳಲಿಲ್ಲ. ಮೂಗಿಗೆ ಕಡ್ಡಿ ಹಾಕಿ ಟೆಸ್ಟ್ ಮಾಡ್ಕೊಂಡೆ. ಎರಡು ಗೆರೆ ಬಂತು, ಅಂಟು ಕಾಯಿಲೆನೇ. ಮಹಡಿ ರೂಮು ಸೇರ್ಕೊಂಡಿದೀನಿ. ಊಟ ಮೆಟ್ಟಿಲ ಮೇಲಿಡು, ಹತ್ರ ಬರಬೇಡ.

ಏಳು ಗಂಟೆಯೊಳಗೆ ವೃದ್ಧಾಶ್ರಮದ ಮೇಡಂಗೆ ನೀನೇ ಫೋನ್ ಮಾಡು. ಕಾಯಿಲೆ ಬಂದೋರು ಐದು ದಿನ ಬರಂಗಿಲ್ಲ, ಆಮೇಲೆ ಒಂದೇ ಗೆರೆ ಬಂದ್ರೇನೇ ಒಳಗೆ ಬಿಡೋದು ಅಂತ ಅವರದೇ ರೂಲು. ಆದ್ರೆ ನಾನು ಹೇಳಿದ್ರೆ ನಂಬಲ್ಲ. ಹೋದ ತಿಂಗಳು ಮೊಸಳೆ ಅಡ್ಡ ಬಂತು ಅಂತ ರಜೆ ಹಾಕಿದ್ನಲ್ಲ! "ಸುಮ್ನೆ ಬಾರಯ್ಯ" ಅಂದ್ರೆ ನಾನೂ ಹೋಗ್ಬಿಡ್ತೀನಿ. ಮೂರನೇ ಮಂಚದ ಅಜ್ಜಿಗೆ ತುತ್ತು ಕೊಡೋನು ನಾನೇ. ಅವರಿಗೆ ಮೊದಲೇ ಉಬ್ಬಸ, ಇದನ್ನ ತಡ್ಕೊಳಲ್ಲ.

ಅಜ್ಜಿಗೆ ಮಾತ್ರ ಕಾಯಿಲೆ ಅನ್ನೋದು ಬೇಡ. ಚಂದ್ರನಿಗೆ ಸುಣ್ಣ ಬಳಿಯೋಕೆ ಹೋಗಿದಾನೆ, ಐದು ದಿನದ ಕೆಲಸ ಅಂತ ಮೇಡಂ ಹೇಳಲಿ. ನಗ್ತಾ ನಾಲ್ಕು ತುತ್ತು ಉಣ್ತಾರೆ.