ಹುಳು ನುಂಗಿದ ನೂರ ನಲವತ್ತಮೂರು ಬಾವಿಗಳು

ಜರಡಿಮನೆ, ಕೋಲಾರ
ಕ್ರಿ.ಶ. 2219, ಬಿಡುವಿನ ಹಬ್ಬಕ್ಕೆ ಎರಡು ದಿನ ಮುಂಚೆ

ಪೂಜ್ಯ ಸುಭದ್ರ ಟೀಚರ್ ಅವರಿಗೆ ತಿಂಗಳಿಯ ನಮಸ್ಕಾರಗಳು.

ಮೇಲಿನ ಇಸವಿ ನೋಡಿ ಯಾರೋ ತಲೆಹರಟೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮಿಬ್ಬರ ನಡುವೆ ಹತ್ತಿರ ಹತ್ತಿರ ಇನ್ನೂರು ವರ್ಷ ಇದೆ. ನಿಮ್ಮ ಕಾಲದ ಕನ್ನಡವನ್ನು ನಿಮ್ಮದೇ ಕಂಪ್ಯೂಟರಿನ ಡಿಸ್ಕಿನಿಂದ ಕಲಿತು ಬರೆಯುತ್ತಿದ್ದೇನೆ. ಮಾತು ಎಲ್ಲಾದರೂ ಸೊಟ್ಟಗಾಗಿದ್ದರೆ ಕ್ಷಮಿಸಿ. ಡ್ರಾಯಿಂಗ್ ಟೀಚರ್ ನೀವು, ತಿದ್ದಿಕೊಂಡು ಓದಿ. ನನ್ನ ಕಸುಬಿಗೆ ಇಲ್ಲಿ ಜರಡಿ ಹಿಡಿಯುವುದು ಎನ್ನುತ್ತಾರೆ. ನೀವು ವೈರಸ್ ಎನ್ನುತ್ತಿದ್ದಿರಲ್ಲ, ಅದನ್ನು ನಾವು ಹುಳು ಎನ್ನುತ್ತೇವೆ. ಹಳೆಯ ಯಂತ್ರಗಳಿಂದ ಹುಳು ತೆಗೆದು ಕಾಳು ಉಳಿಸುವುದು ನಮ್ಮ ಕೆಲಸ. ಕೆಲಸ ಮುಗಿದ ಮೇಲೆ ಆ ಯಂತ್ರದ ಒಡೆಯರಿಗೆ, ಅವರು ಇನ್ನೂ ಇದ್ದಾರೆಂದೇ ಭಾವಿಸಿ, ಒಂದು ಕಾಗದ ಬರೆದು ಅದರ ಜೊತೆಗೇ ಇಡುವುದು ಜರಡಿಮನೆಯ ಪದ್ಧತಿ. ಸಾಮಾನ್ಯವಾಗಿ ನಾನು ನಾಲ್ಕು ಸಾಲು ಗೀಚಿ ಸುಮ್ಮನಾಗುತ್ತೇನೆ. ನಿಮ್ಮ ವಿಷಯದಲ್ಲಿ ಹಾಗಾಗಲಿಲ್ಲ, ಯಾಕೆಂದರೆ ನಿಮ್ಮ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.

ಕಳೆದ ಬೇಸಿಗೆಯಲ್ಲಿ ಕೋಟೆ ಬೀದಿಯ ಹಳೆಯ ಮನೆಯೊಂದರ ಅಟ್ಟ ಬಿಚ್ಚಿದಾಗ ಮೂರು ಅಂತಸ್ತಿನ ಸ್ಟೀಲ್ ಟಿಫನ್ ಕ್ಯಾರಿಯರ್ ಸಿಕ್ಕಿತು. ಕೆಳಗಿನ ಡಬ್ಬಿಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ಹಾರ್ಡ್ ಡಿಸ್ಕ್. ಅದರ ಮೇಲೆ ಒಣಗಿದ ಕುಂಕುಮದ ಬೊಟ್ಟು! ನಡುವಿನ ಡಬ್ಬಿಯಲ್ಲಿ ಎಣ್ಣೆ ಮೆತ್ತಿದ ಒಂದು ನೋಟ್‌ಬುಕ್. ಮೇಲಿನದರಲ್ಲಿ ನಿಮ್ಮ ಯಜಮಾನರು, ಬಸ್ ಡಿಪೋದ ಮೆಕ್ಯಾನಿಕ್ ಮುನಿವೆಂಕಟಪ್ಪನವರು, ನಿಮಗೇ ಬರೆದು ನಿಮಗೆ ಕೊಡದೆ ಉಳಿಸಿಕೊಂಡ ಕಾಗದ.

ನಡೆದದ್ದೆಲ್ಲ ನನಗೆ ಗೊತ್ತಾದದ್ದು ಆ ಕಾಗದದಿಂದ. ರಿಟೈರಾದ ಮೇಲೆ ನೀವು ಹನ್ನೊಂದು ವರ್ಷ ಊರೂರು ಅಲೆದು ಮುಚ್ಚಿಹೋದ ಬಾವಿಗಳ ಲೆಕ್ಕ ಹಿಡಿದಿರಿ. ಯಾವ ಬಾವಿಯದು ಸಿಹಿನೀರು, ಯಾವುದು ಸವಳು, ಎಷ್ಟು ಮಟ್ಟು ಆಳ ಎಂದು ಅಕ್ಕಪಕ್ಕದ ಮುದುಕರ ಬಾಯಿಂದಲೇ ಹೇಳಿಸಿ ಧ್ವನಿ ಹಿಡಿದು ಕಂಪ್ಯೂಟರಿಗೆ ಹಾಕಿದಿರಿ. ಆಯುಧಪೂಜೆ ಬಂತು. ಸ್ಪ್ಯಾನರು, ಸ್ಕೂಟರು, ಮಿಕ್ಸಿ ಎಲ್ಲಕ್ಕೂ ಬೊಟ್ಟಿಟ್ಟ ಯಜಮಾನರಿಗೆ ಕಂಪ್ಯೂಟರಿನ ಪರದೆ ಮಾತ್ರ ಬೋಳಾಗಿ ಕಂಡಿತು. ಎಲ್ಲಿಂದಲೋ ಪುಕ್ಕಟೆ ಸಿಕ್ಕ, ಗಂಟೆ ಬಾರಿಸುವ, ಆರತಿ ಎತ್ತುವ ದೇವಿಯ ಚಿತ್ರವೊಂದನ್ನು ಇಳಿಸಿ ಹಾಕಿದರು. ಹುಳು ಒಳಗೆ ಬಂದದ್ದು ಆ ಗಂಟೆಯ ಜೊತೆಗೆ. ಮಧ್ಯಾಹ್ನ ಫೈಲುಗಳ ಹೆಸರು ಒಂದೊಂದಾಗಿ ಬದಲಾಗುವುದನ್ನು ಕಂಡು ನೀವು ಪ್ಲಗ್ ಕೀಳಲು ಹೋದಿರಂತೆ. ಆಗ ಅವರು ಅಡ್ಡ ನಿಂತು, "ಪೂಜೆ ಮಾಡಿರೋ ಸಾಮಾನು ಇವತ್ತು ಮುಟ್ಟಬಾರ್ದು ಕಣೇ, ನಾಳೆ ಬೆಳಿಗ್ಗೆ ನೋಡಿದ್ರಾಯ್ತು ಬಿಡು" ಎಂದರಂತೆ. ಬೆಳಿಗ್ಗೆಯ ಹೊತ್ತಿಗೆ ಹುಳು ಊಟ ಮುಗಿಸಿ ಕೈ ತೊಳೆದಿತ್ತು.

ಅಯ್ಯೋ ಟೀಚರ್, ಇದನ್ನು ಓದುವಾಗ ನನ್ನ ಹೊಟ್ಟೆ ಉರಿದುಹೋಯಿತು. ನಿಮ್ಮ ಹೊಟ್ಟೆ ಎಷ್ಟು ಉರಿದಿರಬೇಡ! ನೀವು ಅವರ ಜೊತೆ ಮಾತು ಬಿಟ್ಟಿರಿ. ಅವರು ಆ ಕಾಗದ ಬರೆಯುವಾಗ ಅದು ಒಂಬತ್ತನೆಯ ದಿನ. "ಸೋಮವಾರ ಗುಜರಿಯವನಿಗೆ ಎತ್ತಿ ಕೊಡ್ತೀನಿ, ಆ ದರಿದ್ರ ಮನೇಲಿರೋದು ಬೇಡ" ಎಂದು ನೀವು ಗೋಡೆಗೆ ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದಾರೆ. ಕೇಳಿಸಿಕೊಂಡವರೇ ಸ್ಕ್ರೂಡ್ರೈವರ್ ತಂದು, ನೀವು ಸೊಪ್ಪಿಗೆ ಹೋದಾಗ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ಡಿಸ್ಕ್ ಮಾತ್ರ ತೆಗೆದಿಟ್ಟುಕೊಂಡಿದ್ದಾರೆ.

ಅದು ನಮ್ಮ ಕೈಗೆ ಬಂದ ಹೊತ್ತು ಹೇಳುತ್ತೇನೆ. ನಮ್ಮ ಊರಿಗೆ ಕೊಳವೆಯ ನೀರು ಎಂಟು ದಿನಕ್ಕೊಮ್ಮೆ. ಸಿಹಿನೀರಿನ ಸೆಲೆ ಎಲ್ಲಿದೆಯೆಂದು ತಿಳಿಯದೆ ಹನ್ನೊಂದು ಕಡೆ ಅಗೆದು ಹನ್ನೊಂದು ಕಡೆಯೂ ಉಪ್ಪುನೀರು ಕಂಡಿದ್ದೆವು. ಇನ್ನೊಂದು ಬೇಸಿಗೆ ನೋಡಿ ಊರು ಬಿಡುವುದೆಂದು ಅರ್ಧ ಜನ ತೀರ್ಮಾನಿಸಿದ್ದರು, ನನ್ನ ಅಕ್ಕನ ಮನೆಯವರೂ ಸೇರಿ.

ಡಿಸ್ಕನ್ನು ಮೂಕಯಂತ್ರಕ್ಕೆ ಹಾಕಿದೆ. ಹೊರಗಿನ ಯಾವುದರ ಜೊತೆಗೂ ಸಂಪರ್ಕವಿಲ್ಲದ ಯಂತ್ರ ಅದು. ಮೂಲವನ್ನು ಮುಟ್ಟದೆ ಮೊದಲು ನಕಲು ತೆಗೆದು, ನಕಲಿನ ಮೇಲೆ ಕೆಲಸ ಮಾಡಬೇಕು. ಹುಳು ಇಷ್ಟು ವರ್ಷ ಕಳೆದರೂ ಎದ್ದು ಕೂತು, ಕೆಂಪು ಅಕ್ಷರದಲ್ಲಿ ಮೂರು ದಿನದೊಳಗೆ ಹಣ ಕಳಿಸಿ ಎಂದು ಜೋರು ಮಾಡಿತು. ಜರಡಿಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಆದರೆ ಅದನ್ನು ತೆಗೆಯುವುದು ನಗುವ ಕೆಲಸವಾಗಿರಲಿಲ್ಲ. ನಾಲ್ಕು ಸಲ ಕಿತ್ತೆ, ಯಂತ್ರ ಮತ್ತೆ ಚಾಲೂ ಮಾಡಿದಾಗ ನಾಲ್ಕು ಸಲವೂ ಹಾಜರು. ಮೊಟ್ಟೆ ಇದ್ದದ್ದು ಆ ಆರತಿಯ ಚಿತ್ರದೊಳಗೆ. ಗೊತ್ತಾದ ಮೇಲೂ ದೇವಿಯನ್ನು ಅಳಿಸಲು ಕೈ ಬರಲಿಲ್ಲ. ನಮ್ಮ ಹಿರಿಯ ಜರಡಿಗಾರರು ಜಾಫರಣ್ಣ, "ತಾಯಿ ಮೇಲೆ ಯಾಕಮ್ಮ ಕೋಪ? ಚಿತ್ರ ಬೇರೆ ತೆಗೆದಿಡು, ಹಿಂದೆ ಅಡಗಿರೋನ್ನ ಹಿಡಿ" ಎಂದರು. ಹಾಗೇ ಮಾಡಿದೆ. ಐದನೆಯ ಸಲ ಹುಳು ಬರಲಿಲ್ಲ.

ಆಮೇಲೆ ನೋಡಿದರೆ, ಅವಸರದ ಹುಳು ಪ್ರತಿ ಫೈಲಿನ ಮೊದಲ ಭಾಗಕ್ಕೆ ಮಾತ್ರ ಬೀಗ ಜಡಿದಿತ್ತು. ನೂರ ನಲವತ್ತಮೂರು ಧ್ವನಿಗಳಲ್ಲಿ ಮೊದಲ ಒಂದು ನಿಮಿಷ ಹೋಗಿತ್ತು, ಉಳಿದದ್ದೆಲ್ಲ ಇತ್ತು! "ಈ ನೀರಲ್ಲಿ ಬೇಳೆ ಬೇಯಲ್ಲ ಮೇಡಮ್ಮ, ಬಟ್ಟೆ ಒಗೆಯೋಕಷ್ಟೇ" ಎನ್ನುವ ಅಜ್ಜಿ ನಿನ್ನೆ ಮಾತಾಡಿದಂತೆ ಕೇಳುತ್ತಾರೆ. "ಎಂಟು ಮಟ್ಟು ಇಳಿದ್ರೆ ಬಂಡೆ, ಬಂಡೆ ಪಕ್ಕ ಸೆಲೆ, ಸಕ್ಕರೆ ಹಾಕ್ದಂಗೆ ಇರ್ತಿತ್ತು" ಎನ್ನುವ ತಾತನ ಮಾತು ಕೇಳಿ ನಾನು ಕುಣಿದೆ. ಕುಣಿದು ಕೂತೆ. ಯಾವ ಬಾವಿ? ಎಲ್ಲಿಯದು? ನೀವು ಶಿಸ್ತಿನವರು, ಊರು, ಬೀದಿ, ದಿನಾಂಕ ಎಲ್ಲವನ್ನೂ ಮೊದಲ ನಿಮಿಷದಲ್ಲೇ ಹೇಳಿ ಮುಗಿಸಿದ್ದಿರಿ. ಅದನ್ನೇ ಹುಳು ತಿಂದಿತ್ತು. ಅವತ್ತು ನಾನು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಎರಡು ವಾರದ ಮೇಲೆ ಡಬ್ಬಿ ತೊಳೆದಿಡೋಣವೆಂದು ಆ ಎಣ್ಣೆ ನೋಟ್‌ಬುಕ್ ಕೈಗೆತ್ತಿಕೊಂಡೆ. ಅದು ಸ್ಕೂಟರಿನ ಪುಸ್ತಕ. ಡಿಪೋದಲ್ಲಿ ಬಸ್ಸಿಗೆ ಬರೆದು ಅಭ್ಯಾಸವಾದ ಕೈ, ಮನೆಯ ಗಾಡಿಗೂ ಬಿಡದೆ ಬರೆದಿದೆ. ದಿನಾಂಕ, ಹೊರಟಾಗ ಮೀಟರು, ನಿಂತಾಗ ಮೀಟರು, ನಿಂತ ಜಾಗ. ಒಂದು ಸಾಲು ಹೀಗಿದೆ: "ಸಂತೆಮೈದಾನ ದಾಟಿ ಹುಣಸೆಮರ, ಎಡಕ್ಕೆ. ಸುಭದ್ರ ಅರ್ಧ ಗಂಟೆ ಮಾತು. ನೆರಳಿಲ್ಲ." ಹನ್ನೊಂದು ವರ್ಷ ನಿಮ್ಮನ್ನು ಹಿಂದೆ ಕೂರಿಸಿಕೊಂಡು ಒಂದೊಂದು ಬಾವಿಗೂ ಕರೆದೊಯ್ದವರು ಅವರೇ. ಒಂದೊಂದು ಧ್ವನಿ ಹಿಡಿದ ದಿನಾಂಕ ಮಾತ್ರ ಹುಳುವಿನ ಬಾಯಿಗೆ ಸಿಗದೆ ಡಿಸ್ಕಿನ ಪಟ್ಟಿಯಲ್ಲಿ ಉಳಿದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟೆ. ನೂರ ನಲವತ್ತಮೂರರಲ್ಲಿ ನೂರ ಮೂವತ್ತೆಂಟು ಕೂಡಿಕೊಂಡವು.

ಆ ಪುಸ್ತಕವನ್ನು ಡಿಸ್ಕಿನ ಜೊತೆ ಯಾಕಿಟ್ಟರೆಂದು ಅವರ ಕಾಗದದಲ್ಲಿದೆ: "ನಿನ್ನ ಜೊತೆ ಸುತ್ತಿದ್ದಕ್ಕೆ ನನ್ನ ಹತ್ರ ಇದೊಂದೇ ಇರೋದು. ಇದೂ ಜೊತೇಲಿರ್ಲಿ." ಅದರಿಂದ ಏನಾಗಬಹುದೆಂಬ ಅಂದಾಜು ಆ ಮನುಷ್ಯನಿಗೆ ಇರಲೇ ಇಲ್ಲ.

ಈಗ ಇಪ್ಪತ್ತಾರು ಬಾವಿಗಳ ಹೂಳು ತೆಗೆದಿದ್ದೇವೆ. ಹತ್ತೊಂಬತ್ತರಲ್ಲಿ ಬೇಳೆ ಬೇಯುತ್ತದೆ. ಅಕ್ಕ ಕಟ್ಟಿದ ಗಂಟು ಬಿಚ್ಚಿದ್ದಾಳೆ. ನಾಡಿದ್ದು ಬಿಡುವಿನ ಹಬ್ಬ, ನಿಮ್ಮ ಆಯುಧಪೂಜೆಯೇ. ಮುಟ್ಟಬಾರದೆಂಬ ನಿಯಮ ನಾವೂ ಬಿಟ್ಟಿಲ್ಲ. ಹಿಂದಿನ ದಿನವೇ ಎಲ್ಲದರ ನಕಲು ತೆಗೆದು ಡಬ್ಬಿಗೆ ಹಾಕಿ, ಯಂತ್ರಗಳನ್ನು ಆರಿಸಿ, ಪ್ಲಗ್ ಕಿತ್ತು, ಆಮೇಲೆ ಬೊಟ್ಟಿಡುತ್ತೇವೆ. ನೀವೂ ಮುಂದಿನ ವರ್ಷ ಹಾಗೇ ಮಾಡಿ.

ನನ್ನ ಸಿಟ್ಟು ಯಾಕೆಂದು ಈಗ ತಿಳಿದಿರಬೇಕು: ನಿಮ್ಮ ಬಾವಿಗಳನ್ನು ಉಳಿಸಿಟ್ಟವರ ಜೊತೆಗೇ ನೀವು ಮಾತು ಬಿಟ್ಟಿದ್ದೀರಿ. ಸೋಮವಾರ ಗುಜರಿಯವನು ಬಂದರೆ ಪೆಟ್ಟಿಗೆ ಕೊಟ್ಟುಬಿಡಿ, ಅದು ಖಾಲಿ. ಆಮೇಲೆ ಒಳಗೆ ಹೋಗಿ ಎರಡು ಲೋಟ ಕಾಫಿ ಮಾಡಿ, ಒಂದನ್ನು ಅವರ ಮುಂದೆ ಇಡಿ. ಒಂಬತ್ತು ದಿನದ ಮೇಲೆ ಮೊದಲ ಮಾತು ಏನಾಡುವುದೆಂದು ತೋಚದಿದ್ದರೆ, ಆ ಹುಣಸೆಮರದ ಬಾವಿ ಎಲ್ಲಿತ್ತೆಂದು ಕೇಳಿ. ಅವರಿಗೆ ನೆನಪಿದೆ.

ಇಂತಿ ನಿಮ್ಮ ನೀರು ಕುಡಿಯುತ್ತಿರುವ,
ತಿಂಗಳಿ